ಕೂಡುವ ಲೆಕ್ಕ

ನಮ್ಮ ರಾಯಚೂರು ಕಡೆಯ ಮಾತಿನಲ್ಲಿ 'ಕೂಡು' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಎರಡಕ್ಕೆ ಎರಡು ಕೂಡಿದರೆ ನಾಲ್ಕು ಎನ್ನುವಾಗ ಅದು ಗಣಿತ; ಮನೆಗೆ ಬಂದವರಿಗೆ "ಬರ್ರಿ, ಕೂಡ್ರಿ" ಎನ್ನುವಾಗ ಅದು ಮರ್ಯಾದೆ. ಮೈಸೂರು ಕಡೆಯ ಮಿತ್ರರೊಬ್ಬರು ಮೊದಲ ಸಲ ನಮ್ಮ ಮನೆಗೆ ಬಂದಾಗ ಈ "ಕೂಡ್ರಿ"ಯನ್ನು ಕೇಳಿ, ಯಾವುದಕ್ಕೆ ಯಾವುದನ್ನು ಕೂಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ನಾನು ಮೂವತ್ತಮೂರು ವರ್ಷ ಗಣಿತದ ಮಾಸ್ತರನಾಗಿದ್ದವನು. ಮೊದಲು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಆಮೇಲೆ ಹದಿಮೂರು ವರ್ಷ ಮಾನವಿಯಲ್ಲಿ, ಕೊನೆಗೆ ರಾಯಚೂರಿನಲ್ಲಿ ಕೆಲಸ ಮಾಡಿ 2012ರಲ್ಲಿ ನಿವೃತ್ತನಾದೆ. ಎರಡೂ ಅರ್ಥದ ಕೂಡುವಿಕೆಯನ್ನು ನಾನು ಮಾಡಿಸಿದ್ದೇನೆ: ಲೆಕ್ಕಗಳನ್ನೂ ಕೂಡಿಸಿದ್ದೇನೆ, ಹುಡುಗರನ್ನೂ ಕೂಡಿಸಿದ್ದೇನೆ. ಮೊದಲನೆಯದರಲ್ಲಿ ನನ್ನಿಂದ ಆದ ತಪ್ಪು ಕಡಿಮೆ. ಎರಡನೆಯದರಲ್ಲಿ ಆದ ತಪ್ಪು ಎಷ್ಟೆಂಬುದು, ಎಪ್ಪತ್ತು ದಾಟಿದ ಮೇಲೆ ಮೊಮ್ಮಗನ ದೆಸೆಯಿಂದ ಗೊತ್ತಾಯಿತು.

ಮೊಮ್ಮಗ ಈಗ ಹತ್ತನೆಯ ತರಗತಿ. ಹದಿನೈದು ವರ್ಷದ ಹುಡುಗ. ನಮ್ಮ ಮನೆಯಲ್ಲಿ ಅವನ ಬಗ್ಗೆ ಒಂದು ಹೆಮ್ಮೆಯ ಮಾತು ಇತ್ತು: "ಹುಡುಗ ಕುಂತರ ಏಳಂಗಿಲ್ಲ." ನೆಂಟರು ಬಂದಾಗ ಸೊಸೆ ಈ ಮಾತನ್ನು ಹೇಳುತ್ತಿದ್ದಳು, ನಾನೂ ತಲೆಯಾಡಿಸುತ್ತಿದ್ದೆ. ಬೆಳಿಗ್ಗೆ ಎದ್ದರೆ ಟ್ಯೂಷನ್ನು, ಅಲ್ಲಿಂದ ಬಂದರೆ ಬಾಗಿಲಿಗೇ ಶಾಲೆಯ ವ್ಯಾನು, ಸಂಜೆ ಮತ್ತೆ ಟ್ಯೂಷನ್ನು, ರಾತ್ರಿ ಮೇಜು, ಮೇಜಿನ ಮೇಲೆ ಪುಸ್ತಕ, ಪುಸ್ತಕದ ಕೆಳಗೆ ಮೊಬೈಲು. ಈ ಮೊಬೈಲಿನ ಕತೆ ಎಲ್ಲರ ಮನೆಯದೂ ಒಂದೇ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಪಾಠ ಮೊಬೈಲಿನೊಳಗೆ ಹೊಕ್ಕು ಮನೆಗೆ ಬಂತು. ಶಾಲೆ ತೆರೆದ ಮೇಲೆ ಪಾಠ ಶಾಲೆಗೆ ಮರಳಿತು, ಮೊಬೈಲು ಮಾತ್ರ ಮರಳಲಿಲ್ಲ.

ಒಂದು ದಿನ ಕೆಲಸವಿಲ್ಲದೆ ಕುಳಿತಿದ್ದವನು, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ಅವನ ದಿನದ ಲೆಕ್ಕ ಬರೆದೆ. ನಿದ್ದೆ ಆರೂವರೆ ತಾಸು. ಶಾಲೆ ಆರೂವರೆ. ಎರಡು ಹೊತ್ತಿನ ಟ್ಯೂಷನ್ನು ಮೂರೂವರೆ. ವ್ಯಾನಿನಲ್ಲಿ ಹೋಗಿ ಬರಲು ಒಂದು. ಮನೆಯಲ್ಲಿ ಓದು ಎರಡೂವರೆ. ಊಟ ತಿಂಡಿ ಒಂದು. ಮೊಬೈಲು, ನನ್ನ ಕಣ್ಣಿಗೆ ಬಿದ್ದಷ್ಟು, ಎರಡು. ಕೂಡಿದೆ. ಇಪ್ಪತ್ತಮೂರು ಬಂತು. ನಿದ್ದೆಯನ್ನು ಕಳೆದರೆ ಹುಡುಗ ಹದಿನಾರೂವರೆ ತಾಸು ಕುಂತೇ ಇರುತ್ತಾನೆ. ಉಳಿದ ಒಂದು ತಾಸಿನಲ್ಲಿ ಹಲ್ಲುಜ್ಜುವುದು, ಸ್ನಾನ, ದೇವರಿಗೆ ಕೈ ಮುಗಿಯುವುದು, ಮೆಟ್ಟಿಲು ಹತ್ತಿ ಇಳಿಯುವುದು. ತಪ್ಪಿರಬೇಕೆಂದು ಮತ್ತೊಮ್ಮೆ ಕೂಡಿದೆ. ಮತ್ತೆ ಇಪ್ಪತ್ತಮೂರೇ.

ಇಷ್ಟು ಕುಂತವನಿಗೆ ಅಂಕಗಳಾದರೂ ರಾಶಿಯಾಗಿ ಬೀಳಬೇಕಲ್ಲವೆ? ಒಂಬತ್ತನೆಯ ತರಗತಿಯಲ್ಲಿ ಗಣಿತಕ್ಕೆ ಎಂಬತ್ತಾರು ಬಂದಿದ್ದವು. ಈ ವರ್ಷದ ಅರ್ಧವಾರ್ಷಿಕದಲ್ಲಿ ಅರವತ್ತೊಂದಕ್ಕೆ ಇಳಿದವು. ಅಂದು ಸಂಜೆ ಮನೆಯಲ್ಲಿ ಪಂಚಾಯತಿ ಕೂಡಿತು. ಸೊಸೆ ಕಾರಣ ಕಂಡುಹಿಡಿದಿದ್ದಳು. ಹುಡುಗ ಭಾನುವಾರ ಸಂಜೆ ಒಂದು ತಾಸು ಓಣಿಯ ಗೆಳೆಯರ ಜೊತೆ ಕ್ರಿಕೆಟ್ ಆಡಲು ಹೋಗುತ್ತಿದ್ದ.

"ಅದೊಂದು ಬಂದ್ ಮಾಡಸ್ರಿ ಮಾವಾ. ನೀವು ಹೇಳಿದ್ರ ಕೇಳ್ತಾನ. ನೀವು ಸಾವಿರ ಹುಡುಗ್ರನ್ನ ಪಾಸ್ ಮಾಡಿಸಿದವರು."

ನಾನು ಬಾಯಿ ತೆರೆದೆ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಮೂವತ್ತು ವರ್ಷ ಹೇಳಿ ಹೇಳಿ ನುಣುಪಾದ ಮಾತು: "ಆಟ ಪರೀಕ್ಷೆ ಮುಗಿದ ಮೇಲೆ, ಈಗ ಕೂಡು." ಹೇಳಲಿಲ್ಲ. ಕೈಯಲ್ಲಿ ಆ ಕ್ಯಾಲೆಂಡರಿನ ಹಾಳೆ ಇತ್ತು. ವಾರದ ನೂರಾ ಅರವತ್ತೆಂಟು ತಾಸುಗಳಲ್ಲಿ ಹುಡುಗ ಮೈ ಬೆವರಿಸುವುದು ಒಂದೇ ತಾಸು. ತಪ್ಪೆಲ್ಲ ಆ ಒಂದು ತಾಸಿನದೆಂದು ತೀರ್ಪು ಕೊಡಲು ಹೊರಟಿದ್ದೆವು. "ನಾಳೆ ಹೇಳ್ತೀನಿ" ಎಂದು ಎದ್ದು ಹೋದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾನವಿಯ ಶಾಲೆಯ ಮೈದಾನ ಕಣ್ಣ ಮುಂದೆ ಬಂದು ನಿಂತಿತು.

ನಮ್ಮ ಶಾಲೆಗಳಲ್ಲಿ ಒಂದು ವಿಚಿತ್ರವಿದೆ, ವಾಚಕರೂ ಗಮನಿಸಿರಬಹುದು. ಉತ್ತರ ಹೇಳಿದ ಹುಡುಗನಿಗೆ "ಶಾಬಾಸ್, ಕೂಡು" ಎನ್ನುತ್ತೇವೆ; ಹೇಳದವನಿಗೆ "ನಿಲ್ಲು" ಎನ್ನುತ್ತೇವೆ. ಕೂಡುವುದು ಬಹುಮಾನ, ನಿಲ್ಲುವುದು ಶಿಕ್ಷೆ. ಇನ್ನೂ ದೊಡ್ಡ ತಪ್ಪಿಗೆ ಬೆಂಚಿನ ಮೇಲೆ ನಿಲ್ಲುವುದು, ಮೈದಾನ ಸುತ್ತುವುದು, ಬಸ್ಕಿ ತೆಗೆಯುವುದು. ಗರಡಿಮನೆಯಲ್ಲಿ ಪೈಲ್ವಾನರು ಹಾಲು ಬಾದಾಮಿ ತಿಂದು ಪ್ರೀತಿಯಿಂದ ತೆಗೆಯುತ್ತಿದ್ದ ಬಸ್ಕಿಯನ್ನು ನಾವು ಕಿವಿ ಹಿಡಿಸಿ ಅವಮಾನಕ್ಕಾಗಿ ತೆಗೆಸಿದೆವು. ಹತ್ತು ವರ್ಷ ಈ ಪಾಠ ಕಲಿತ ಮಗುವಿಗೆ ಮೈ ಅಲುಗಾಡಿಸುವುದೆಂದರೆ ದಡ್ಡರ ಕೆಲಸವೆಂದು ಅನ್ನಿಸಿದರೆ ಅದರ ತಪ್ಪೇನು?

ಮಾನವಿಯಲ್ಲಿ ನಾನು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ವೇಳಾಪಟ್ಟಿಯಲ್ಲಿ ಹತ್ತನೆಯ ತರಗತಿಗೆ ವಾರಕ್ಕೆ ಎರಡು ಪಿ.ಟಿ. ಪೀರಿಯಡ್ಡುಗಳಿದ್ದವು. ದಸರೆ ಮುಗಿದು ಶಾಲೆ ತೆರೆಯಿತೆಂದರೆ ಆ ಎರಡನ್ನೂ ನಾನು ಗಣಿತದ ವಿಶೇಷ ತರಗತಿಗೆ ತೆಗೆದುಕೊಂಡುಬಿಡುತ್ತಿದ್ದೆ. ಪಿ.ಟಿ. ಮಾಸ್ತರರು ಬಹಳ ಸಾಧು ಮನುಷ್ಯರು. ಬಗಲಲ್ಲಿ ವಾಲಿಬಾಲು ಹಿಡಿದುಕೊಂಡು ಬಾಗಿಲಿಗೆ ಬಂದವರು, ನಾನು ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿರುವುದನ್ನು ನೋಡಿ, "ತಗೊಳ್ರಿ ಸರ್, ಪರೀಕ್ಷಾ ಅದ" ಎಂದು ಹಿಂತಿರುಗುತ್ತಿದ್ದರು. ಹುಡುಗರು ಅವರ ಬೆನ್ನನ್ನು ನೋಡುತ್ತಿದ್ದರು. ನಾನು ಹುಡುಗರ ಮುಖ ನೋಡುತ್ತಿರಲಿಲ್ಲ. ಪಾಲಕರಿಂದ ಇದಕ್ಕಾಗಿ ನನಗೆ ಬಂದದ್ದು ಹೊಗಳಿಕೆಯೇ.

ಆ ಪೀರಿಯಡ್ಡಿನಲ್ಲಿ ಕೆಲವರಿಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. "ಸರ್, ಹೊಟ್ಟಿ ನೋಯ್ತದರಿ" ಎಂದು ಹೊರಗೆ ಹೋದವನು ಹತ್ತು ನಿಮಿಷದಲ್ಲಿ ಮೈದಾನದ ಬೇವಿನ ಮರದ ಕೆಳಗೆ ಕಬಡ್ಡಿಯ ಗೆರೆ ಎಳೆಯುತ್ತಿದ್ದ. ಇವರನ್ನು ಹೆದರಿಸಲು ನನ್ನ ಬಳಿ ಮಾನವಿಯದೇ ಒಂದು ಕತೆ ಇತ್ತು. ಮಾನವಿಯಲ್ಲಿ ನೆಲೆಸಿದ್ದ ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಪಂಡಿತರು. ಇದೇ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡಿ ಕುಣಿಯುವವರ ಪಂಕ್ತಿಗೆ ತಾವೇನು ಹೋಗುವುದೆಂದು ಹೊಟ್ಟೆನೋವಿನ ನೆಪ ಹೇಳಿದರಂತೆ. ಆ ನೆಪದ ನೋವು ನಿಜವಾಗಿ ಬಂದು ಅವರನ್ನು ಹಿಂಡಿತೆಂದು ಪ್ರತೀತಿ. "ನೋಡ್ರೋ, ಸುಳ್ಳು ಹೊಟ್ಟೆನೋವು ಖರೇ ಆಗ್ತದ" ಎಂದು ನಾನು ಉಪಸಂಹಾರ ಮಾಡುತ್ತಿದ್ದೆ.

ಈಗ ಅದೇ ಕತೆಯನ್ನು ನೆನೆದರೆ ಅದು ನನ್ನ ಕಡೆಗೇ ಬೆರಳು ತೋರಿಸುತ್ತದೆ. ಕತೆಯಲ್ಲಿ ಗ್ರಂಥಗಳ ನಡುವೆ ಕುಂತವರು ಪಂಡಿತರು. ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಊರೂರು ನಡೆದವರು ದಾಸರು. ನೋವು ಬಂದದ್ದು ಕುಂತವರಿಗೆ. ಅದನ್ನು ಕಳೆಯಲು ವಿಜಯದಾಸರು ಅವರನ್ನು ಕಳಿಸಿದ್ದು ಗೋಪಾಲದಾಸರ ಬಳಿಗೆ. ಆಮೇಲೆ ಅದೇ ಪಂಡಿತರು ತಾವೂ ದಾಸರಾಗಿ, ಕನ್ನಡದಲ್ಲಿ 'ಹರಿಕಥಾಮೃತಸಾರ'ವನ್ನು ಬರೆದರು. ಓದಿದ್ದ ವಿದ್ಯೆಯೇನೂ ನಷ್ಟವಾಗಲಿಲ್ಲ. ಅದಕ್ಕೆ ಕಾಲು ಬಂದವು, ಅಷ್ಟೆ. ನಾನು ಹುಡುಗರಿಗೆ ಕತೆಯ ಪೂರ್ವಾರ್ಧವನ್ನು ಮಾತ್ರ ಹೇಳಿದ್ದೆ.

ಮಾನವಿಯ ಹದಿಮೂರು ವರ್ಷಗಳಲ್ಲಿ ಒಂದು ವರ್ಷ ನನಗೆ ಟೈಫಾಯಿಡು ಬಂತು. ದಸರೆಗೆ ಮಲಗಿದವನು ಸಂಕ್ರಾಂತಿಯ ತನಕ ಏಳಲಿಲ್ಲ. ಎದ್ದ ಮೇಲೂ ವಿಶೇಷ ತರಗತಿಗೆ ಶಕ್ತಿ ಇರಲಿಲ್ಲ. ನನ್ನ ಪಾಠವನ್ನು ಇನ್ನೊಬ್ಬರು ನೋಡಿಕೊಂಡರು, ಪಿ.ಟಿ. ಪೀರಿಯಡ್ಡಿಗೆ ಯಾರೂ ಕೈ ಹಾಕಲಿಲ್ಲ. ಆ ವರ್ಷದ ಹುಡುಗರು ಪರೀಕ್ಷೆಯ ತನಕ ಆಡಿದರು. ಫಲಿತಾಂಶ ಬಂದಾಗ ನಾನು ಹೆದರಿಕೊಂಡೇ ನೋಡಿದೆ. ಹಿಂದಿನ ವರ್ಷಕ್ಕಿಂತ ಇಳಿದಿರಲಿಲ್ಲ. ಆಗ ನಾನು ಇದರಿಂದ ಕಲಿತದ್ದೇನು? "ಈ ಸಲದ ಹುಡುಗರು ಜಾಣರು" ಎಂದುಕೊಂಡೆ. ಮುಂದಿನ ದಸರೆಗೆ ಮತ್ತೆ ಪೀರಿಯಡ್ಡು ತೆಗೆದುಕೊಂಡೆ. ಲೆಕ್ಕದ ಮಾಸ್ತರನಾದರೂ ಬೇಡವಾದ ಉತ್ತರ ಬಂದರೆ ಮನುಷ್ಯ ಲೆಕ್ಕವನ್ನೇ ಅಳಿಸಿಬಿಡುತ್ತಾನೆ.

ಒಂದು ಶಾಲೆಯ ಒಂದು ವರ್ಷದಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಆದರೆ ತಿಳಿದವರು ಇದನ್ನು ದೊಡ್ಡದಾಗಿಯೇ ಲೆಕ್ಕ ಹಾಕಿದ್ದಾರೆ. ಲಂಡನ್ನಿನ ಜೆರಿ ಮಾರಿಸ್ ಎಂಬ ವೈದ್ಯರು ಅಲ್ಲಿಯ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧವಾಗಿದೆ. ಡ್ರೈವರು ದಿನವೆಲ್ಲ ಕೂಡುತ್ತಾನೆ. ಕಂಡಕ್ಟರು ಅದೇ ಬಸ್ಸಿನಲ್ಲಿ ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದ್ರೋಗ ಹೆಚ್ಚಾಗಿ ಹಿಡಿದದ್ದು ಡ್ರೈವರುಗಳನ್ನು. ಇದು ಹೃದಯದ ಮಾತಾಯಿತು. ಅಂಕಗಳ ಮಾತೇನು ಎಂದರೆ, ಅದಕ್ಕೂ ಉತ್ತರವಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 2010ರಲ್ಲಿ, ಶಾಲೆಯ ಆಟ-ವ್ಯಾಯಾಮಕ್ಕೂ ಓದಿಗೂ ಇರುವ ಸಂಬಂಧವನ್ನು ಕುರಿತ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಂಡ ಸಂಬಂಧಗಳಲ್ಲಿ ಅರ್ಧದಷ್ಟು ಒಳ್ಳೆಯವು. ಉಳಿದವುಗಳಲ್ಲಿ ಬಹುಪಾಲು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಆಟದ ಜೊತೆ ಓದು ಕೆಟ್ಟದ್ದು ಕಂಡದ್ದು ನೂರಕ್ಕೆ ಎರಡೂ ಇಲ್ಲ. ಆಡಿದರೆ ಅಂಕ ಏರಿಯೇ ಏರುತ್ತದೆಂದು ಇದರಿಂದ ಹೇಳಲಾಗದು. ಆಡಿದರೆ ಇಳಿಯುತ್ತದೆಂಬ ನಮ್ಮ ಹೆದರಿಕೆಗೆ ಬುಡವಿಲ್ಲವೆಂದು ಮಾತ್ರ ಧೈರ್ಯವಾಗಿ ಹೇಳಬಹುದು. ನನ್ನ ಹದಿಮೂರು ವರ್ಷದ ವಾದ ಬಿದ್ದುಹೋಗಲು ಅಷ್ಟೇ ಸಾಕು.

ಐದರಿಂದ ಹದಿನೇಳು ವರ್ಷದ ಮಕ್ಕಳು ಸರಾಸರಿ ದಿನಕ್ಕೆ 60 ನಿಮಿಷವಾದರೂ ಏದುಸಿರು ಬರುವಂತೆ ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಅದರ ಲೆಕ್ಕದಲ್ಲಿ ಲೋಕದ ಹನ್ನೊಂದರಿಂದ ಹದಿನೇಳರ ವಯಸ್ಸಿನವರಲ್ಲಿ ನೂರಕ್ಕೆ 81 ಮಂದಿಗೆ ಅಷ್ಟು ದಕ್ಕುತ್ತಿರಲಿಲ್ಲ. ಹುಡುಗಿಯರಲ್ಲಿ ನೂರಕ್ಕೆ 85. ಹಾಗಾದರೆ ನನ್ನ ಮೊಮ್ಮಗ ಒಬ್ಬನೇ ಅಲ್ಲ ಎಂದು ಸಮಾಧಾನ ಪಡಬೇಕೋ, ಲೋಕವೆಲ್ಲ ನನ್ನಂಥ ಮಾಸ್ತರರಿಂದಲೇ ತುಂಬಿದೆಯೆಂದು ನಾಚಬೇಕೋ ತಿಳಿಯದು.

ನಮ್ಮ ಭಾಗದಲ್ಲಿ ಈ ಹೆದರಿಕೆಗೆ ಬೇರೆ ಕಾರಣವೂ ಉಂಟು. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೋಣೆಗಳಿಗೆ ಕ್ಯಾಮೆರಾ ಬಂದಾಗ, ಹಿಂದಿನ ವರ್ಷ ನೂರಕ್ಕೆ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ನಮ್ಮ ನೆರೆಯ ಯಾದಗಿರಿ ಜಿಲ್ಲೆ ಕಟ್ಟಕಡೆಗೆ ನಿಂತಿತು. ಫಲಿತಾಂಶ ಇಳಿದಾಗ ದೊಡ್ಡವರಾದ ನಾವು ಮಾಡುವ ಮೊದಲ ಕೆಲಸವೆಂದರೆ ಮಕ್ಕಳನ್ನು ಇನ್ನೊಂದು ತಾಸು ಕೂಡಿಸುವುದು. ಮಗು ಐದನೆಯ ತರಗತಿಯಲ್ಲೇ ಭಿನ್ನರಾಶಿ ತಪ್ಪಿಸಿಕೊಂಡಿದ್ದರೆ, ಹತ್ತನೆಯದರಲ್ಲಿ ಎಷ್ಟು ತಾಸು ಕೂಡಿಸಿದರೂ ಅದು ಕುಂತೇ ಇರುತ್ತದೆ, ಅಷ್ಟೆ.

ಇಷ್ಟನ್ನು ಬರೆದು ನಿಲ್ಲಿಸಿದರೆ ಲೇಖನ ನುಣ್ಣಗೆ ಮುಗಿಯುತ್ತದೆ. ಆದರೆ ದೇವದುರ್ಗ ಬಿಡುವುದಿಲ್ಲ.

ನನ್ನ ಮೊದಲ ನೌಕರಿ ದೇವದುರ್ಗ ತಾಲ್ಲೂಕಿನದೆಂದೆನಲ್ಲ. ನಂಜುಂಡಪ್ಪನವರ ಸಮಿತಿ 2002ರಲ್ಲಿ ನಾಡಿನ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಅದರಲ್ಲಿ ದೇವದುರ್ಗವೂ ಇತ್ತು. ನಾನು ಹೋದದ್ದು ಅದಕ್ಕಿಂತ ಇಪ್ಪತ್ತು ವರ್ಷ ಮೊದಲು. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹತ್ತಿ ಬಿಡಿಸುವ ಕಾಲ ಬಂತೆಂದರೆ ನಸುಕಿನಲ್ಲೇ ತಾಯಿಯ ಜೊತೆ ಹೊಲಕ್ಕೆ ಹೋಗಿ, ಹೊತ್ತೇರಿದ ಮೇಲೆ ಅಲ್ಲಿಂದ ನೇರವಾಗಿ ಶಾಲೆಗೆ ಬರುತ್ತಿದ್ದಳು. ಲಂಗದ ಅಂಚಿನಲ್ಲಿ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಬಂದು ಕುಂತರೆ ಐದು ನಿಮಿಷಕ್ಕೆ ತೂಕಡಿಕೆ. ನಾನು ಹೊಸ ಮಾಸ್ತರ, ಬಿಸಿ ರಕ್ತ. ನಿಲ್ಲು ಎಂದೆ. ನಿಂತಳು. ಪಾಠ ಮುಗಿಯುವ ತನಕ ನಿಂತೇ ಇದ್ದಳು. ಮರುದಿನ ಬಂದವಳು ನಾನು ಹೇಳುವ ಮೊದಲೇ ಗೋಡೆಯ ಬಳಿ ಹೋಗಿ ನಿಂತಳು. ಯಾಕೆ ಎಂದು ಕೇಳಿದೆ.

"ಕುಂತರ ನಿದ್ದಿ ಬರ್ತದರಿ ಸರ್. ನಿಂತರ ಲೆಕ್ಕ ತಿಳೀತದ."

ಅಷ್ಟು ದೊಡ್ಡ ಮಾತನ್ನು ಅವಳು ದೂರಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಯುಗಾದಿಯ ಹೊತ್ತಿಗೆ ಶಾಲೆ ಬಿಟ್ಟಳು. ಏಳನೆಯ ಪರೀಕ್ಷೆಗೆ ಕೂಡಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನೇ ಕೆಂಪು ಗೆರೆ ಎಳೆದೆ.

ವಿಶ್ವ ಆರೋಗ್ಯ ಸಂಸ್ಥೆಯ 60 ನಿಮಿಷದ ಮಾತು ಬಂದಾಗಲೆಲ್ಲ ಈ ಹುಡುಗಿ ನೆನಪಿಗೆ ಬರುತ್ತಾಳೆ. ಮೈಯ ದುಡಿತವೇ ಅಂಕ ತರುವುದಾದರೆ ದೇವದುರ್ಗದ ಹತ್ತಿ ಹೊಲದ ಮಕ್ಕಳು, ಮೆಣಸಿನಕಾಯಿ ಹೊಲದ ಮಕ್ಕಳು, ತಾಯಿತಂದೆಗಳ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಇಟ್ಟಿಗೆ ಹೊರುವ ಮಕ್ಕಳು ರಾಜ್ಯಕ್ಕೇ ಮೊದಲಿಗರಾಗಬೇಕಿತ್ತು. ಆಟ ಬೇರೆ, ದುಡಿತ ಬೇರೆ. ಆಟದಿಂದ ಬಂದ ಮಗುವಿನ ಕಣ್ಣು ತೆರೆದಿರುತ್ತದೆ. ದುಡಿತದಿಂದ ಬಂದ ಮಗುವಿನ ಕಣ್ಣು ಮುಚ್ಚುತ್ತಿರುತ್ತದೆ. ಒಂದೇ ಜಿಲ್ಲೆಯಲ್ಲಿ, ಬಸ್ಸಿನ ಎರಡು ತಾಸಿನ ದಾರಿಯೊಳಗೆ, ಒಂದು ಮಗುವಿಗೆ ಕೂಡಲು ತಾಸಿಲ್ಲ, ಇನ್ನೊಂದಕ್ಕೆ ಏಳಲು ತಾಸಿಲ್ಲ. ಇಬ್ಬರಿಗೂ ನಾನು ಮಾಸ್ತರನಾಗಿದ್ದೆ. ಕೂಡಬೇಕಾದವಳನ್ನು ನಿಲ್ಲಿಸಿದೆ, ಓಡಬೇಕಾದವರನ್ನು ಕೂಡಿಸಿದೆ.

ಮರುದಿನ ಬೆಳಿಗ್ಗೆ ಸೊಸೆಗೆ ಹೇಳಿದೆ: "ಕ್ರಿಕೆಟ್ಟು ಇರಲಿ. ಮುಂಜಾನೆ ಟ್ಯೂಷನ್ ಒಂದು ಬಿಡ್ಸು. ಆ ಹೊತ್ತಿಗೆ ಗಣಿತ ನಾ ಹೇಳಿಕೊಡ್ತೀನಿ, ಆದರ ಮನ್ಯಾಗಲ್ಲ."

ಅವಳಿಗೆ ಇದು ಹಿಡಿಸಲಿಲ್ಲ. "ನೀವ ಹಿಂಗಂದ್ರ ಹ್ಯಾಂಗ ಮಾವಾ?" ಎಂದಳು. ಆದರೂ ಹಿರಿಯನ ಮಾತೆಂದು ಒಂದು ತಿಂಗಳ ಅವಧಿ ಕೊಟ್ಟಳು. ಮೊಮ್ಮಗನೂ ಮೊದಲ ದಿನ ಮುಖ ಗಂಟಿಕ್ಕಿಕೊಂಡೇ ಹೊರಟ. ಆಮ್ ತಲಾಬಿನ ದಂಡೆ, ಅಲ್ಲಿಂದ ಕೋಟೆಯ ಗೋಡೆಯ ಬದಿ. ನಾನು ನಡೆಯುತ್ತ ಪ್ರಮೇಯ ಕೇಳುವುದು, ಅವನು ನಡೆಯುತ್ತ ಹೇಳುವುದು. ಮೊದಲ ವಾರ ಅವನಿಗಿಂತ ನನಗೇ ಉಸಿರು ಗಟ್ಟಿಯಾಗಿತ್ತು. ಹದಿನೈದರ ಹುಡುಗ ಎಪ್ಪತ್ತು ದಾಟಿದವನ ಹಿಂದೆ ಬೀಳುತ್ತಿದ್ದ.

ಒಂದು ದಿನ ಕೋಟೆಯ ಪಶ್ಚಿಮದ ಗೋಡೆಯಲ್ಲಿರುವ ಆ ದೊಡ್ಡ ಶಾಸನದ ಕಲ್ಲಿನ ಬಳಿ ನಿಂತೆವು. ಕೋಟೆ ಕಟ್ಟಿಸಿದ್ದು 1294ರಲ್ಲಿ ಎಂದು ಅವನಿಗೆ ಬಾಯಿಪಾಠವಿತ್ತು. ಹುಟ್ಟಿದ ಊರಿನ ಆ ಕಲ್ಲನ್ನು ಅವನು ನೋಡಿದ್ದು ಅಂದೇ ಮೊದಲು. ಕಲ್ಲು ಸುಮಾರು 41 ಅಡಿ ಉದ್ದ. ಅದನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತಂದ ಬಗೆಯನ್ನು ಅಲ್ಲಿಯೇ ಗೋಡೆಯ ಮೇಲೆ ಕೊರೆದಿದ್ದಾರೆ. "ಖರೇನೂ ನಲವತ್ತೊಂದು ಅಡಿ ಅದ ಏನು ತಾತ?" ಎಂದ. ಅಳೆದು ನೋಡು ಎಂದೆ. ತನ್ನ ಹೆಜ್ಜೆ ಎಷ್ಟು ಉದ್ದವೆಂದು ಮೊದಲು ಗೇಣು ಹಾಕಿ ಲೆಕ್ಕ ಮಾಡಿಕೊಂಡ; ಎರಡೂಕಾಲು ಅಡಿ. ಕಲ್ಲಿನ ಕೆಳಗೆ ಈ ತುದಿಯಿಂದ ಆ ತುದಿಗೆ ನಡೆದ, ಹದಿನೆಂಟು ಹೆಜ್ಜೆ. "ನಲವತ್ತೂವರೆ! ಅರ್ಧ ಅಡಿ ಎಲ್ಲೋ ತಪ್ಪ್ಯಾದ" ಎಂದು ಮತ್ತೆ ನಡೆಯತೊಡಗಿದ. ಹೇಳಿಸಿಕೊಳ್ಳದೆ ಅವನು ಒಂದು ಲೆಕ್ಕವನ್ನು ಎರಡನೆಯ ಸಲ ಮಾಡಿದ್ದನ್ನು ನಾನು ಆ ವರ್ಷ ಕಂಡದ್ದು ಅದೇ ಮೊದಲು.

ತಿಂಗಳ ಕೊನೆಗೆ ಶಾಲೆಯಲ್ಲಿ ಪರೀಕ್ಷೆ ನಡೆಯಿತು. ಅರವತ್ತೊಂದು ಇದ್ದದ್ದು ಅರವತ್ತೆಂಟಾಯಿತು. ಸೊಸೆ ಇದು ಸಂಜೆಯ ಟ್ಯೂಷನ್ನಿನ ಪ್ರಭಾವವೆನ್ನುತ್ತಾಳೆ. ನಾನು ವಾದಿಸಲು ಹೋಗಿಲ್ಲ. ನಡಿಗೆಯನ್ನು ಮಾತ್ರ ಅವಳೂ ನಿಲ್ಲಿಸಿಲ್ಲ.

ಮೊನ್ನೆ ನಡೆಯುತ್ತಿದ್ದಾಗ ಮೊಮ್ಮಗ ಕೇಳಿದ: "ತಾತ, ನೀವು ಮಾನವಿಯೊಳಗ ಪಿ.ಟಿ. ಪೀರಿಯಡ್ ತಗೊಂತಿದ್ರಂತ, ಹೌದೇನು? ಅಪ್ಪ ಹೇಳಿದ."

"ಹೌದು."

"ಎಷ್ಟು ತಗೊಂಡಿರಿ?"

ವಾರಕ್ಕೆ ಎರಡು, ದಸರೆಯಿಂದ ಪರೀಕ್ಷೆಯ ತನಕ ಇಪ್ಪತ್ತು ವಾರ ಹಿಡಿ, ಟೈಫಾಯಿಡಿನ ವರ್ಷ ಬಿಟ್ಟು ಹನ್ನೆರಡು ವರ್ಷ, ಒಂದು ಪೀರಿಯಡ್ಡಿಗೆ ನಲವತ್ತು ನಿಮಿಷ ಎಂದೆ. ಹುಡುಗ ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ, "ನಾಕನೂರಾ ಎಂಬತ್ತು ಪೀರಿಯಡ್. ಮುನ್ನೂರಾ ಇಪ್ಪತ್ತು ತಾಸು ಆತು ತಾತ" ಎಂದ. ಕಾಗದವಿಲ್ಲ, ಪೆನ್ನಿಲ್ಲ, ಉತ್ತರ ಸರಿಯಾಗಿತ್ತು. ಶಾಬಾಸ್ ಎಂದೆ, ಕೂಡು ಎನ್ನಲಿಲ್ಲ.

ಅವನು ಮತ್ತೂ ಸ್ವಲ್ಪ ದೂರ ಸುಮ್ಮನೆ ನಡೆದು, "ಆದರ ಅದನ್ನ ಹುಡುಗ್ರ ಸಂಖ್ಯಾಲೆ ಗುಣಿಸಬೇಕಲ್ಲ?" ಎಂದ.

ಗುಣಿಸಬೇಕು. ಲೆಕ್ಕದ ಕ್ರಮ ಅದೇ. ಆದರೆ ನನಗೆ ಧೈರ್ಯ ಬರಲಿಲ್ಲ. "ಇನ್ನೊಂದು ಸುತ್ತು ಹಾಕೂಣ ನಡಿ" ಎಂದೆ.